ನಾಲ್ಕು ಬಣ್ಣಗಳಲ್ಲಿ ಜೋಳದ ಕಣ

ಅಣ್ಣಿಗೇರಿಯ ಆಸುಪಾಸಿನ ಎರೆಹೊಲವೊಂದರಲ್ಲಿ ಹಿಂಗಾರಿ ಜೋಳವನ್ನು ತೂರುತ್ತಿದ್ದ ಕಣದ ದೃಶ್ಯವನ್ನು ನಾಲ್ಕೇ ಬಣ್ಣಗಳಿಂದ ತೈಲವರ್ಣದಲ್ಲಿ ಬರೆದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕ್ಯಾನ್ವಾಸಿನ ಅಳತೆ 24×18 ಇಂಚು, ಅಡ್ಡಲಾಗಿ. ಚಿತ್ರದಲ್ಲಿ ಐದು ಮಂದಿ, ಒಂದು ಜೋಡಿ ಎತ್ತು, ಬಲಬದಿಗೆ ಬೇವಿನ ಮರ, ಹಿಂದೆ ಕಣಿಕೆಯ ಬಣವೆ, ಅದರಾಚೆ ದಿಗಂತದವರೆಗೆ ಕರಿನೆಲ ಇವೆ. ಬಳಸಿದ ಬಣ್ಣಗಳು ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಕ್ಯಾಡ್ಮಿಯಂ ರೆಡ್ ಲೈಟ್, ಐವರಿ ಬ್ಲ್ಯಾಕ್ ಮತ್ತು ಟೈಟಾನಿಯಂ ವೈಟ್. ನೀಲಿಯೂ ಇಲ್ಲ, ಹಸಿರೂ ಇಲ್ಲ. ಈ ಎರಡು ಇಲ್ಲದೆ ಬಯಲುಸೀಮೆಯ ಊರೊಂದನ್ನು ಬರೆಯಲು ಸಾಧ್ಯವೇ ಎಂಬ ಸಂಶಯ ಅನೇಕರಿಗೆ ಬರುತ್ತದೆ. ಸಾಧ್ಯವೆನ್ನುವುದಷ್ಟೇ ಅಲ್ಲ, ಈ ಸೀಮೆಗೆ ಇದಕ್ಕಿಂತ ಹೊಂದುವ ಬಣ್ಣದ ಕೂಟ ಬೇರೊಂದಿಲ್ಲವೆಂದೇ ನಾನು ನಂಬಿದ್ದೇನೆ.

ಕಾರಣ ನೆಲದಲ್ಲಿಯೇ ಇದೆ. ಎರೆಮಣ್ಣು ಕಪ್ಪು, ಒಣಗಿದ ಕಣಿಕೆ, ಜೋಳದ ಕೂಳೆ, ಹೊಟ್ಟು ಎಲ್ಲವೂ ಓಕರ್, ಮನೆಗಳ ಗೋಡೆಗೆ ಬಳಿಯುವುದು ಸುಣ್ಣ ಮತ್ತು ಕೆಮ್ಮಣ್ಣು, ಗಂಡಸರ ರುಮಾಲು, ಹೆಂಗಸರ ಇಳಕಲ್ ಸೀರೆಯ ಸೆರಗು ಕೆಂಪು, ಧೋತರ ಮತ್ತು ಕಿಲಾರಿ ಎತ್ತುಗಳು ಬಿಳಿ. ಫೆಬ್ರುವರಿ ಕಳೆಯುವ ಹೊತ್ತಿಗೆ ಆಕಾಶವೂ ನೀಲಿಯನ್ನು ಕಳೆದುಕೊಂಡು ಧೂಳಿನಿಂದ ಬೂದುಬಣ್ಣಕ್ಕೆ ತಿರುಗಿರುತ್ತದೆ. ಮಲೆನಾಡಿನ ಅಡಿಕೆ ತೋಟವನ್ನೋ ಕರಾವಳಿಯ ಗದ್ದೆಯನ್ನೋ ಬರೆಯಹೊರಟವರಿಗೆ ಈ ನಾಲ್ಕು ಬಣ್ಣಗಳನ್ನು ನಾನು ಹೇಳುವುದಿಲ್ಲ. ಅಲ್ಲಿ ಹಸಿರೇ ಯಜಮಾನ. ಬಯಲುಸೀಮೆಯ ಬೇಸಗೆಯಲ್ಲಿ ಹಸಿರು ಅಪರೂಪದ ಅತಿಥಿ.

ಈ ಬಣ್ಣದ ಕೂಟವನ್ನು ಜಗತ್ತಿನ ಚಿತ್ರಕಾರರು ಸ್ವೀಡನ್ನಿನ ಆಂಡರ್ಸ್ ಸೋರ್ನ್ ಹೆಸರಿನಲ್ಲಿ ಗುರುತಿಸುತ್ತಾರೆ. 1860ರಿಂದ 1920ರವರೆಗೆ ಬದುಕಿದ್ದ ಸೋರ್ನ್ ದಲಾರ್ನಾ ಪ್ರಾಂತದ ಮೋರಾ ಎಂಬ ಊರಿನವನು. ತನ್ನ ಸೀಮೆಯ ರೈತಾಪಿ ಜನರನ್ನು ಹಬ್ಬದಲ್ಲಿಯೂ ಕೆಲಸದಲ್ಲಿಯೂ ಪ್ರೀತಿಯಿಂದ ಬರೆದವನು. 1896ರ ಅವನ ಸ್ವಚಿತ್ರವೊಂದರಲ್ಲಿ ಕೈಯಲ್ಲಿರುವ ಪ್ಯಾಲೆಟ್ಟಿನ ಮೇಲೆ ಬಿಳಿ, ಓಕರ್, ಕೆಂಪು, ಕಪ್ಪು ಇಷ್ಟೇ ಕಾಣುತ್ತವೆ. ಹಾಗೆಂದು ಅವನು ಎಲ್ಲ ಚಿತ್ರಗಳನ್ನೂ ನಾಲ್ಕೇ ಬಣ್ಣಗಳಿಂದ ಬರೆದನೆಂದು ತಿಳಿಯಬಾರದು. ಬೇಕಾದಲ್ಲಿ ನೀಲಿ, ಹಸಿರುಗಳನ್ನೂ ಬಳಸಿದ್ದಾನೆ. ನಾಲ್ಕು ಬಣ್ಣಗಳ ಕಲ್ಪನೆ ಅವನಿಗಿಂತ ಬಹಳ ಹಳೆಯದು. ಗ್ರೀಸಿನ ಅಪೆಲ್ಲೀಸನಂಥ ಚಿತ್ರಕಾರರು ಬಿಳಿ, ಹಳದಿ, ಕೆಂಪು, ಕಪ್ಪು ಈ ನಾಲ್ಕರಿಂದಲೇ ತಮ್ಮ ಕೃತಿಗಳನ್ನು ರಚಿಸಿದರೆಂದು ರೋಮಿನ ಬರಹಗಾರ ಪ್ಲಿನಿ 1ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ.

ಟ್ಯೂಬುಗಳನ್ನು ಕೊಳ್ಳುವಾಗ ಹೆಸರಿಗಿಂತ ಒಳಗಿರುವ ಪುಡಿ ಯಾವುದೆಂದು ನೋಡಬೇಕು. ಸೋರ್ನ್ ಬಳಸಿದ ಕೆಂಪು ವರ್ಮಿಲಿಯನ್, ಅಂದರೆ ಪಾದರಸದ ಸಂಯುಕ್ತವಾದ ಇಂಗಲೀಕ. ಅದು ವಿಷಕಾರಿ, ಬೆಳಕಿಗೆ ಕಪ್ಪಾಗುವ ಗುಣವೂ ಅದಕ್ಕಿದೆ. ಅದರ ಜಾಗದಲ್ಲಿ ಈಗ ಕ್ಯಾಡ್ಮಿಯಂ ರೆಡ್ ಲೈಟ್ ಬಳಸುವುದು ರೂಢಿ. ಟ್ಯೂಬಿನ ಮೇಲೆ ಹೆಸರಿನ ಜೊತೆಗೆ ‘ಹ್ಯೂ’ ಎಂದು ಇದ್ದರೆ ಒಳಗೆ ಕ್ಯಾಡ್ಮಿಯಂ ಇಲ್ಲವೆಂದು ಅರ್ಥ. ಅಂಥವು ಸಾಮಾನ್ಯವಾಗಿ ಹೆಚ್ಚು ಪಾರದರ್ಶಕವಾಗಿರುತ್ತವೆ, ಬಿಳಿ ಬೆರೆಸಿದರೆ ಗುಲಾಬಿಯ ಕಡೆಗೆ ಓಡುತ್ತವೆ, ಮೈಬಣ್ಣಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಕಪ್ಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಐವರಿ ಬ್ಲ್ಯಾಕ್ ಎಂದು ಇಂದು ಮಾರುವುದು ಎಲುಬನ್ನು ಸುಟ್ಟು ಮಾಡಿದ ಕಪ್ಪು. ಅದಕ್ಕೆ ಬಿಳಿ ಬೆರೆಸಿದಾಗ ತಣ್ಣನೆಯ, ನೀಲಿಯತ್ತ ವಾಲುವ ಬೂದು ದೊರೆಯುತ್ತದೆ. ಕಬ್ಬಿಣದ ಆಕ್ಸೈಡಿನಿಂದ ಮಾಡುವ ಮಾರ್ಸ್ ಬ್ಲ್ಯಾಕ್ ಹಾಗಲ್ಲ, ಅದರ ಬೂದು ಕಂದಿನತ್ತ ವಾಲುತ್ತದೆ. ಈ ಚಿತ್ರದಲ್ಲಿ ಕಪ್ಪು ನೀಲಿಯ ಕೆಲಸವನ್ನೂ ಮಾಡಬೇಕಾಗಿದ್ದುದರಿಂದ ಐವರಿ ಬ್ಲ್ಯಾಕನ್ನು ಬಿಟ್ಟು ಬೇರೆಯದು ಒಗ್ಗುವುದಿಲ್ಲ. ಇಪ್ಪತ್ತನಾಲ್ಕು ಬಣ್ಣಗಳ ಅಗ್ಗದ ಪೆಟ್ಟಿಗೆಗೆ ಕೊಡುವ ಹಣದಲ್ಲಿ ಒಳ್ಳೆಯ ದರ್ಜೆಯ ನಾಲ್ಕು ಟ್ಯೂಬುಗಳನ್ನು ಕೊಳ್ಳುವುದು ಕಲಿಯುವವರಿಗೆ ಎಷ್ಟೋ ಹಿತ. ಬಿಳಿಯ ಟ್ಯೂಬು ಮಾತ್ರ ದೊಡ್ಡದಿರಲಿ.

ಚಿತ್ರಕ್ಕೆ ಕೈಹಾಕುವ ಮೊದಲು ಮಿಶ್ರಣಗಳ ಪಟ್ಟಿಯೊಂದನ್ನು ಮಾಡಿಕೊಂಡೆ. ಉಳಿಕೆ ಕ್ಯಾನ್ವಾಸಿನ ತುಂಡಿನ ಮೇಲೆ ಓಕರ್‌ಗೆ ಕೆಂಪು, ಓಕರ್‌ಗೆ ಕಪ್ಪು, ಕೆಂಪಿಗೆ ಕಪ್ಪು ಹೀಗೆ ಮೂರು ಜೋಡಿಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ, ಪ್ರತಿಯೊಂದಕ್ಕೂ ಬಿಳಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಸೇರಿಸುತ್ತಾ ಹೋಗುವ ಸರಳ ಕೆಲಸವಿದು. ಓಕರ್ ಮತ್ತು ಕೆಂಪಿನಿಂದ ಹಂಚಿನ ಬಣ್ಣ, ಬೆಲ್ಲದ ಬಣ್ಣ ಬಂದವು. ಕೆಂಪು ಮತ್ತು ಕಪ್ಪಿನಿಂದ ಕಗ್ಗಂದು, ಅದಕ್ಕೆ ಬಿಳಿ ಸೇರಿದಾಗ ನೇರಳೆಯ ಸುಳಿವಿರುವ ಬೂದು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಓಕರ್ ಮತ್ತು ಕಪ್ಪಿನ ಜೋಡಿ: ಅದು ನಿಜವಾದ ಹಸಿರನ್ನೇ ಕೊಡುತ್ತದೆ, ಬೇವಿನ ಹಳೆಯ ಎಲೆಯಂಥ ಮಾಸಲು ಹಸಿರು. ಟೈಟಾನಿಯಂ ಬಿಳಿಯ ಬಲ ಬಹಳ ಹೆಚ್ಚು. ಕುಂಚದ ತುದಿಯಷ್ಟು ಸೇರಿದರೂ ಬಣ್ಣ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆಂಬುದನ್ನು ಈ ಪಟ್ಟಿಯೇ ತೋರಿಸಿಕೊಟ್ಟಿತು. ಆ ತುಂಡನ್ನು ಕೆಲಸ ಮುಗಿಯುವವರೆಗೂ ಈಸೆಲ್ಲಿನ ಪಕ್ಕಕ್ಕೆ ಕ್ಲಿಪ್ಪು ಹಾಕಿ ತೂಗಿಸಿದ್ದೆ.

ಕ್ಯಾನ್ವಾಸು ಹತ್ತಿಯ ದಪ್ಪ ಬಟ್ಟೆ; ಬಣ್ಣಕ್ಕೆ ತಳವಾಗುವ ಬಿಳಿಯ ಅಕ್ರಿಲಿಕ್ ಜೆಸೊದ ಮೂರು ಲೇಪಗಳನ್ನು ಒಂದರ ಅಡ್ಡಕ್ಕೆ ಇನ್ನೊಂದರಂತೆ ಹಚ್ಚಿ, ನಡುನಡುವೆ ನಯವಾದ ಉಪ್ಪುಕಾಗದದಿಂದ ಉಜ್ಜಿ ಸಿದ್ಧಪಡಿಸಿದ್ದು. ಬಿಳಿಯ ಮೈಮೇಲೆ ನೇರವಾಗಿ ಬರೆಯಲು ಹೊರಟರೆ ಹಚ್ಚಿದ ಪ್ರತಿಯೊಂದು ಬಣ್ಣವೂ ದಟ್ಟವಾಗಿ ಕಾಣಿಸಿ ಕಣ್ಣು ಅಳತೆ ತಪ್ಪುತ್ತದೆ. ಆದ್ದರಿಂದ ಓಕರ್‌ಗೆ ಚಿಟಿಕೆಯಷ್ಟು ಕೆಂಪು, ಕಪ್ಪು ಸೇರಿಸಿ ಟರ್ಪೆಂಟೈನಿನಲ್ಲಿ ತೆಳುವಾಗಿ ಕರಗಿಸಿ ಇಡೀ ಮೈಗೆ ಬಳಿದು, ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟೆ. ಈ ತಳಬಣ್ಣ ಮುಂದೆ ಬೂದುಗಳ ನಡುವಿನಿಂದ ಅಲ್ಲಲ್ಲಿ ಇಣುಕುವುದರಿಂದ ಅವುಗಳಿಗೆ ನೀಲಿಯ ಭಾಸ ಹೆಚ್ಚುತ್ತದೆ.

ರೇಖಾಚಿತ್ರದ ಹಂತಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಏಕೆಂದರೆ ಹಳ್ಳಿಯ ದೃಶ್ಯಗಳು ಸೋಲುವುದು ಬಹುಪಾಲು ಬಣ್ಣದಿಂದಲ್ಲ, ನೆಲದ ಮೇಲೆ ಜನ ನಿಲ್ಲದೆ ತೇಲುವುದರಿಂದ. ಬಯಲುಸೀಮೆಯಲ್ಲಿ ಇದಕ್ಕೆ ಬಹಳ ಸುಲಭವಾದ ಸೂತ್ರವಿದೆ. ನೋಡುವವರು ಸಮತಟ್ಟಾದ ನೆಲದ ಮೇಲೆ ನಿಂತಿದ್ದರೆ, ಅದೇ ನೆಲದ ಮೇಲೆ ನಿಂತಿರುವ ಹೆಚ್ಚುಕಡಿಮೆ ಅಷ್ಟೇ ಎತ್ತರದ ಎಲ್ಲರ ಕಣ್ಣುಗಳೂ, ಅವರು ಹತ್ತಿರವಿರಲಿ ದೂರವಿರಲಿ, ದಿಗಂತರೇಖೆಯ ಮೇಲೆಯೇ ಬರುತ್ತವೆ. ದೂರ ಹೋದಂತೆ ಪಾದಗಳು ಮೇಲೇರುತ್ತವೆಯೇ ಹೊರತು ತಲೆಗಳು ಕೆಳಗಿಳಿಯುವುದಿಲ್ಲ. ಕುಳಿತು ನೋಡಿದರೆ ದಿಗಂತ ನಿಂತವರೆಲ್ಲರ ಎದೆಯನ್ನೋ ನಡುವನ್ನೋ ಹಾಯುತ್ತದೆ, ಆದರೆ ಎಲ್ಲರಲ್ಲಿಯೂ ಅದೇ ಜಾಗದಲ್ಲಿ ಹಾಯುತ್ತದೆ. ನಾನು ದಿಗಂತವನ್ನು ಮೇಲಂಚಿನಿಂದ 6 ಇಂಚು ಕೆಳಗೆ ಎಳೆದುಕೊಂಡೆ. ಹತ್ತಿರದ ಹೆಂಗಸು ತಲೆಯಿಂದ ಪಾದಕ್ಕೆ 6 ಇಂಚು, ಆಕೆಯ ಕಣ್ಣು ಆ ರೇಖೆಯ ಮೇಲೆ. ದೂರದ ಕಾಲುದಾರಿಯಲ್ಲಿ ಬರುವ ಹುಡುಗ ಒಂದು ಇಂಚಿಗಿಂತ ಸ್ವಲ್ಪ ಕಡಿಮೆ, ಚಿಕ್ಕವನಾದ್ದರಿಂದ ಅವನ ತಲೆ ರೇಖೆಯ ತುಸು ಕೆಳಗೆ. ಹಿರಿಯರೊಬ್ಬರು ಎತ್ತುಗಳ ಬಳಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಅವರು ನಿಂತಿದ್ದರೆ ರೇಖೆ ಎಲ್ಲಿಗೆ ಬರುತ್ತಿತ್ತೆಂದು ಮೊದಲು ಗುರುತು ಹಾಕಿ, ಆ ಅಳತೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ ತಲೆ ಬರುವಂತೆ ಕುಳ್ಳಿರಿಸಿದೆ.

ರೇಖೆಯನ್ನು ಮೀರಿ ಮೇಲೆದ್ದಿರುವವನು ಒಬ್ಬನೇ, ಮೂರು ಕಾಲಿನ ಕಟ್ಟಿಗೆಯ ನಿಲುವಿನ ಮೇಲೆ ನಿಂತು ಬುಟ್ಟಿಯಿಂದ ಜೋಳ ತೂರುವವನು. ಉಳಿದವರೆಲ್ಲರ ತಲೆಗಳು ಬಯಲಿನ ಗೆರೆಯಲ್ಲೋ ಅದರ ಕೆಳಗೋ ಇರುವಾಗ ಅವನೊಬ್ಬನ ಹೆಗಲು, ತೋಳು, ಬುಟ್ಟಿ ಆಕಾಶದೊಳಗೆ ಹೋಗಿವೆ. ಚಿತ್ರದ ಕಟ್ಟೋಣವೆಲ್ಲ ಇದರ ಮೇಲೆ ನಿಂತಿದೆ. ಅವನನ್ನು ನಡುವೆ ನಿಲ್ಲಿಸದೆ ಎಡದಿಂದ ಸುಮಾರು 9 ಇಂಚಿನ ದೂರದಲ್ಲಿ ಇಟ್ಟು, ಬಲಕ್ಕೆ ಹೊಟ್ಟು ಹಾರಿಹೋಗಲು ಜಾಗ ಬಿಟ್ಟೆ. ನಿಲ್ಲುವ ಭಂಗಿಯ ಬಗ್ಗೆ ಆ ಕಣದ ಹಿರಿಯರೇ ಹೇಳಿದ ಮಾತು ನನ್ನ ಪೆನ್ಸಿಲ್ ಟಿಪ್ಪಣಿಯ ಅಂಚಿನಲ್ಲಿದೆ: “ಗಾಳಿಗೆ ಅಡ್ಡ ನಿಂದ್ರಬೇಕ್ರಿ, ಎದುರು ನಿಂತ್ರ ಹೊಟ್ಟು ಎಲ್ಲಾ ಮೈಮ್ಯಾಲ ಬರತೈತಿ.” ಆದ್ದರಿಂದ ಅವನ ಮುಖ ನಮ್ಮತ್ತ ಮುಕ್ಕಾಲು ತಿರುಗಿದೆ, ಧೋತರದ ಚುಂಗು ಬಲಕ್ಕೆ ಹಾರಿದೆ, ಕಾಳು ನೆಟ್ಟಗೆ ಕೆಳಗೆ ಬೀಳುತ್ತಿದೆ, ಹೊಟ್ಟು ಓರೆಯಾಗಿ ಬಲಕ್ಕೆ ಸಾಗುತ್ತಿದೆ. ಗಾಳಿಯ ದಿಕ್ಕು ಇವೆಲ್ಲದರಲ್ಲಿಯೂ ಒಂದೇ ಆಗಿರಬೇಕು. ಬೇವಿನ ಕೊಂಬೆಯೊಂದು ಎಡಕ್ಕೆ ಬಾಗಿದ್ದರೂ ಒಕ್ಕಲುತನ ಬಲ್ಲವರ ಕಣ್ಣಿಗೆ ಚಿತ್ರ ಸುಳ್ಳಾಗುತ್ತದೆ.

ಈಗ ರಾಶಿ ಬಹುಪಾಲು ಯಂತ್ರದಲ್ಲಿಯೇ ನಡೆಯುತ್ತದೆ. ಮೇಟಿಗೆ ಕಟ್ಟಿದ ಎತ್ತುಗಳು ಸುತ್ತುವ ಹಂತಿ ಕಣ್ಣಿಗೆ ಬೀಳುವುದು ಅಪರೂಪ. ನಾನು ನೋಡಿದ್ದು ಮನೆ ಬಳಕೆಗೆಂದು ಇಟ್ಟುಕೊಂಡ ಸ್ವಲ್ಪ ಜೋಳವನ್ನು ಕೈಯಿಂದಲೇ ತೂರುತ್ತಿದ್ದ ಸಣ್ಣ ಕಣ. ಇಲ್ಲದ ಹಂತಿಯನ್ನು ಅಂದಕ್ಕಾಗಿ ತಂದು ಸೇರಿಸಲಿಲ್ಲ. ಎತ್ತುಗಳು ಚಕ್ಕಡಿಯ ನೊಗದಿಂದ ಬಿಡಿಸಿಕೊಂಡು ಮೇವು ತಿನ್ನುತ್ತಿದ್ದವು, ಹಾಗೆಯೇ ಇವೆ.

ಮೊದಲ ಪದರವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಹಾಕಿದೆ. ತೈಲವರ್ಣದಲ್ಲಿ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕೆಂಬ ನಿಯಮ ಎಲ್ಲರಿಗೂ ತಿಳಿದದ್ದೇ. ಐವರಿ ಬ್ಲ್ಯಾಕ್ ಬಳಸುವಾಗ ಅದಕ್ಕೆ ವಿಶೇಷ ಮಹತ್ವವಿದೆ. ಆ ಕಪ್ಪು ತಾನಾಗಿಯೇ ಹೆಚ್ಚು ಎಣ್ಣೆ ಹೀರುತ್ತದೆ, ನಿಧಾನವಾಗಿ ಒಣಗುತ್ತದೆ. ಅದನ್ನು ತಳದಲ್ಲಿ ದಪ್ಪವಾಗಿ ಹಚ್ಚಿ ಅದರ ಮೇಲೆ ಬೇಗ ಒಣಗುವ ಬಣ್ಣ ಹಾಕಿದರೆ ಮುಂದೆ ಬಿರುಕು ಬಿಡುತ್ತದೆ. ಹೀಗಾಗಿ ತಳದ ಪದರದಲ್ಲಿ ಕರಿನೆಲವನ್ನೂ ಓಕರ್ ಪ್ರಧಾನವಾದ ಕಂದಿನಿಂದಲೇ ಹಾಸಿ, ಕಪ್ಪನ್ನು ಮೇಲಿನ ಪದರಗಳಿಗೆ ಉಳಿಸಿಕೊಂಡೆ. ಈ ಹಂತದಲ್ಲಿ ಬಣ್ಣವನ್ನು ಲೆಕ್ಕಕ್ಕೆ ತಾರದೆ ಟೋನುಗಳನ್ನು, ಅಂದರೆ ತಿಳಿ-ದಟ್ಟಗಳನ್ನು, ಐದೇ ಮಟ್ಟಗಳಲ್ಲಿ ಕಟ್ಟಿದೆ: ಅತಿ ದಟ್ಟ ಬೇವಿನ ನೆರಳು ಮತ್ತು ಕರಿ ಸೀರೆ, ಅದರ ಮೇಲೆ ಹೊಲ, ಆಮೇಲೆ ಸಗಣಿ ಸಾರಿಸಿದ ಕಣ, ಆಮೇಲೆ ಆಕಾಶ, ಎಲ್ಲಕ್ಕಿಂತ ತಿಳಿ ಹೊಟ್ಟಿನ ಮೋಡ ಮತ್ತು ಎತ್ತಿನ ಬೆನ್ನು. ಕಣ್ಣು ಕಿರಿದಾಗಿಸಿ ನೋಡಿದಾಗ ಈ ಐದು ಮಟ್ಟಗಳಲ್ಲಿಯೇ ಐದು ಮಂದಿಯೂ ಎದ್ದುಕಾಣುವವರೆಗೆ ಮುಂದಕ್ಕೆ ಹೋಗಲಿಲ್ಲ.

ಆಕಾಶವನ್ನು ಬಣ್ಣದ ಹಂತದಲ್ಲಿ ಮೊದಲು ಮುಗಿಸಬಾರದು. ನೀಲಿಯಿಲ್ಲದ ಪ್ಯಾಲೆಟ್ಟಿನಲ್ಲಿ ಆಕಾಶ ಎಷ್ಟು ನೀಲಿಯಾಗಿ ಕಾಣುತ್ತದೆಂಬುದನ್ನು ಕೆಳಗಿನ ನೆಲವೇ ತೀರ್ಮಾನಿಸುತ್ತದೆ. ಬಿಳಿಗೆ ಸ್ವಲ್ಪ ಕಪ್ಪು ಸೇರಿಸಿದ ಬೂದನ್ನು ಪ್ಯಾಲೆಟ್ಟಿನ ಮೇಲೆ ನೋಡಿದರೆ ಅದು ಬರೀ ಬೂದು. ಅದನ್ನೇ ಓಕರ್, ಕೆಂಪುಗಳ ನಡುವೆ ಇಟ್ಟೊಡನೆ ಕಣ್ಣು ಅದರಲ್ಲಿ ನೀಲಿಯನ್ನು ಕಾಣುತ್ತದೆ. ನಾನು ಕಣದ ಓಕರ್ ಮತ್ತು ಆಕಾಶದ ಬೂದನ್ನು ಒಂದೇ ಬಾರಿಗೆ, ಒಂದಷ್ಟು ಇಲ್ಲಿ ಒಂದಷ್ಟು ಅಲ್ಲಿ, ಹಚ್ಚುತ್ತಾ ಬಂದೆ. ಆಕಾಶದ ಮೇಲುಭಾಗದಲ್ಲಿ ಕಪ್ಪು-ಬಿಳಿ ಮಾತ್ರ. ಕೆಳಗಿಳಿದಂತೆ ಓಕರ್ ಸೇರುತ್ತಾ ಹೋಗಿ, ದಿಗಂತದ ಬಳಿ ಸೂರ್ಯನಿರುವ ಎಡಗಡೆ ಕೆಂಪಿನ ಎಳೆಯೊಂದು ಬೆರೆತಿದೆ. ಸೂರ್ಯನನ್ನು ಬರೆಯಲಿಲ್ಲ, ಅವನು ಚೌಕಟ್ಟಿನ ಹೊರಗಿದ್ದಾನೆ. ಬೆಳಕು ಎಡ ಹಿಂದಿನಿಂದ ಬರುತ್ತಿರುವುದರಿಂದ ಜನರ ನೆರಳುಗಳು ಬಲ ಮುಂದಕ್ಕೆ, ನಮ್ಮತ್ತ ಚಾಚಿವೆ.

ಇಲ್ಲಿಂದ ಮುಂದೆ ಮನುಷ್ಯರ ಕೆಲಸ. ಊರಿನ ಚಿತ್ರಗಳಲ್ಲಿ ಹಿನ್ನೆಲೆಯನ್ನು ಪೂರ್ತಿ ಮುಗಿಸಿ ಆಮೇಲೆ ಜನರನ್ನು ಮೇಲೆ ಕೂಡಿಸುವ ಅಭ್ಯಾಸ ನಮ್ಮಲ್ಲಿ ಬಹಳ. ನಾಲ್ಕು ಬಣ್ಣಗಳಲ್ಲಿ ಬರೆಯುವವರು ಅದನ್ನು ಬಿಡಲೇಬೇಕು. ಯಾವ ಬೂದು ಯಾರ ಸೀರೆಯಲ್ಲಿ ನೀಲಿಯಾಗುತ್ತದೆ, ಯಾವ ಕಂದು ಯಾರ ತೋಳಿನಲ್ಲಿ ಜೀವ ತಳೆಯುತ್ತದೆ ಎಂಬುದು ಆ ಮೈಯ ಹಿಂದಿರುವ ನೆಲದಿಂದ ನಿರ್ಧಾರವಾಗುವುದರಿಂದ, ಮನುಷ್ಯನನ್ನೂ ಅವನು ನಿಂತ ನೆಲವನ್ನೂ ಹಸಿಯಿರುವಾಗಲೇ ಒಟ್ಟಿಗೆ ಬರೆಯಬೇಕು. ಈ ಚಿತ್ರದಿಂದ ಬೇರೇನನ್ನು ತೆಗೆದುಕೊಳ್ಳದಿದ್ದರೂ ಓದುಗರು ಇದೊಂದನ್ನು ಮಾಡಿ ನೋಡಬೇಕೆಂದು ನನ್ನ ಬಯಕೆ.

ಹತ್ತಿರದ ಹೆಂಗಸು ಉಟ್ಟಿರುವುದು ಚಂದ್ರಕಾಳಿ, ಅಂದರೆ ಕರಿ ಒಡಲಿನ ಸೀರೆ. ಸೆರಗು ಇಳಕಲ್ಲಿನ ಟೋಪ್ ತೆನಿ, ಕೆಂಪಿನ ಮೇಲೆ ಬಿಳಿಯ ಗೋಪುರದಂಥ ಚೂಪು ವಿನ್ಯಾಸ. ಬಗ್ಗಿ ಬುಟ್ಟಿ ತುಂಬಿ ಮೇಲಕ್ಕೆ ಎತ್ತಿಕೊಡುತ್ತಿರುವ ಆಕೆಯ ಬೆನ್ನು, ಹೆಗಲುಗಳ ಮೇಲೆ ಆಕಾಶದ ಬೆಳಕು ಬಿದ್ದಿದೆ. ಕರಿ ಸೀರೆಯೆಂದು ಟ್ಯೂಬಿನ ಕಪ್ಪನ್ನು ಹಚ್ಚಿದರೆ ಅಲ್ಲೊಂದು ತೂತು ಬಿದ್ದಂತೆ ಕಾಣುತ್ತದೆ. ಅದರಲ್ಲಿ ಮೂರು ಕಪ್ಪುಗಳಿವೆ. ಕಾಲಿನ ಬಳಿ, ನೆಲದ ಬೆಳಕು ಮೇಲಕ್ಕೆ ಮರಳುವಲ್ಲಿ, ಕಪ್ಪಿಗೆ ಓಕರ್ ಸೇರಿ ಹಸಿರಿನ ಸುಳಿವು ಬಂದಿದೆ. ಹಿಂದಿನ ಬಿಸಿಲು ಬಟ್ಟೆಯನ್ನು ತೂರಿ ಬರುವ ನಿರಿಗೆಯ ಅಂಚಿನಲ್ಲಿ ಕಪ್ಪಿಗೆ ಕೆಂಪು ಸೇರಿದೆ. ಆಕಾಶಕ್ಕೆ ಮುಖಮಾಡಿದ ಬೆನ್ನಿನ ಮಡಿಕೆಗಳಲ್ಲಿ ಕಪ್ಪಿಗೆ ಬಿಳಿ ಸೇರಿದೆ. ಎಡಗಡೆಗೆ ಕಣದ ಓಕರ್, ಮೇಲುಗಡೆಗೆ ಕೆಂಪು ಸೆರಗು ಇರುವುದರಿಂದ ಆ ಬೂದು ನೀಲಿಗಪ್ಪಾಗಿ ಹೊಳೆಯುತ್ತದೆ. ನೋಡಿದವರು ಅಲ್ಲಿ ನೀಲಿ ಬಣ್ಣ ಹಚ್ಚಿದೆಯೆಂದೇ ತಿಳಿಯುತ್ತಾರೆ. ಬೆರಳಿನಿಂದ ಸುತ್ತಲಿನ ಓಕರನ್ನು ಮರೆಮಾಡಿದರೆ ಆ ನೀಲಿ ಮಾಯವಾಗುತ್ತದೆ.

ಸೆರಗಿನ ಕೆಂಪನ್ನು ಮಾತ್ರ ಟ್ಯೂಬಿನಿಂದ ಬಂದಂತೆಯೇ, ಏನನ್ನೂ ಬೆರೆಸದೆ ಇಟ್ಟೆ. ಅದೂ ಹೆಗಲಿನ ಮೇಲೆ ಬಿಸಿಲು ಬಿದ್ದ ಅರ್ಧ ಇಂಚಿನಷ್ಟು ಜಾಗದಲ್ಲಿ. ಇಡೀ ಕ್ಯಾನ್ವಾಸಿನಲ್ಲಿ ಬೇರೆಲ್ಲಿಯೂ ಶುದ್ಧ ಕೆಂಪಿಲ್ಲ. ತೂರುವವನ ರುಮಾಲಿಗೆ ಓಕರ್ ಮತ್ತು ಕಪ್ಪು ಸೇರಿಸಿ ಕೆಂಪನ್ನು ತಗ್ಗಿಸಿದೆ, ಇಲ್ಲವಾದರೆ ಎರಡು ಕೆಂಪುಗಳು ಕಣ್ಣನ್ನು ಎಳೆದಾಡುತ್ತವೆ. ಟೋಪ್ ತೆನಿಯ ಬಿಳಿಯ ಮೊನೆಗಳನ್ನೂ ಬಿಳಿಯಿಂದ ಬರೆಯಲಿಲ್ಲ. ಅವು ನೆರಳಿನಲ್ಲಿರುವುದರಿಂದ ಬಿಳಿ, ಕಪ್ಪು, ಕೆಂಪು ಸೇರಿದ ಬೂದುಗುಲಾಬಿ. ಎಲ್ಲ ಮೊನೆಗಳನ್ನೂ ಎಣಿಸಿ ಬರೆಯದೆ, ಮಡಿಕೆ ತಿರುಗುವಲ್ಲಿ ಮೂರು ನಾಲ್ಕನ್ನು ಸ್ಪಷ್ಟವಾಗಿ ಇಟ್ಟು ಉಳಿದವನ್ನು ಕರಗಲು ಬಿಟ್ಟೆ.

ಮೈಬಣ್ಣದ ವಿಷಯದಲ್ಲಿ ಈ ಪ್ಯಾಲೆಟ್ಟು ಯುರೋಪಿನ ಬಿಳಿಯ ಮೈಗೆ ಹೇಳಿ ಮಾಡಿಸಿದ್ದೆಂಬ ಮಾತು ಚಿತ್ರಶಾಲೆಗಳಲ್ಲಿ ಕೇಳಿಬರುತ್ತದೆ. ನನ್ನ ಅನುಭವದಲ್ಲಿ ಬಿಸಿಲಲ್ಲಿ ದುಡಿದ ನಮ್ಮ ರೈತನ ಮೈಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಓಕರ್ ಮತ್ತು ಕೆಂಪನ್ನು ಸಮವಾಗಿ ಬೆರೆಸಿ, ಕಪ್ಪಿನಿಂದ ತಗ್ಗಿಸಿದರೆ ತೋಳಿನ ಮೂಲಬಣ್ಣ ದೊರೆಯಿತು. ಅಲ್ಲಿಗೆ ಬಿಳಿ ಸೇರಿಸಿ ಬೆಳಕು ಮಾಡಲು ಹೋದರೆ ಮೈ ಬೂದಿ ಬಳಿದಂತಾಗುತ್ತದೆ. ಬಿಸಿಲು ಬೀಳುವಲ್ಲಿ ಓಕರನ್ನು ಹೆಚ್ಚಿಸಿ, ಬಿಳಿಯನ್ನು ತೀರ ಕೊನೆಗೆ ಎಳ್ಳಿನಷ್ಟೇ ಬಳಸಬೇಕು. ತೂರುವವನ ಬರಿಯ ಬೆನ್ನು ಬೆವರಿನಿಂದ ಹೊಳೆಯುತ್ತಿತ್ತು. ಆ ಹೊಳಪು ಮೈಯ ಬಣ್ಣವಲ್ಲ, ಆಕಾಶದ ಪ್ರತಿಬಿಂಬ. ಆದ್ದರಿಂದ ಅದನ್ನು ಆಕಾಶಕ್ಕೆಂದು ಬೆರೆಸಿಟ್ಟ ಅದೇ ಕಪ್ಪು-ಬಿಳಿಯ ಬೂದಿನಿಂದ, ಚಪ್ಪಟೆ ಕುಂಚದ ಒಂದೊಂದೇ ಹೊಡೆತದಿಂದ ಇಟ್ಟೆ. ದಟ್ಟ ಕಂದಿನ ಮೇಲೆ ತಣ್ಣನೆಯ ಬೂದು ಕುಳಿತೊಡನೆ ಹೆಗಲಿನ ಎಲುಬು, ಬೆನ್ನಿನ ಹರಿ ತಾವಾಗಿ ರೂಪುಗೊಂಡವು. ಮುಖಗಳು ಮುಕ್ಕಾಲು ಇಂಚಿನಷ್ಟೇ ಇರುವುದರಿಂದ ಕಣ್ಣು, ಮೂಗುಗಳನ್ನು ಬಿಡಿಸಲಿಲ್ಲ. ಹಣೆಯ ತಳ, ಮೂಗಿನ ಪಕ್ಕ, ಗದ್ದದ ಕೆಳಗಿನ ನೆರಳು ಸರಿಯಾದ ಜಾಗದಲ್ಲಿದ್ದರೆ ಸಾಕು, ಯಾರು ಯಾರೆಂದು ಭಂಗಿಯೇ ಹೇಳುತ್ತದೆ.

ಬಿಳಿಯ ಬಟ್ಟೆಯನ್ನು ಕಲಿಯಬೇಕಾದವರು ಅಮೃತಾ ಶೇರ್‌ಗಿಲ್ 1937ರಲ್ಲಿ ದಕ್ಷಿಣ ಭಾರತದ ಪ್ರವಾಸದ ನಂತರ ಬರೆದ ಚಿತ್ರಗಳನ್ನು ನೋಡಬೇಕು. ಬ್ರಹ್ಮಚಾರಿಗಳ ಗುಂಪನ್ನು ಬರೆದ ಚಿತ್ರದಲ್ಲಿ ಕಂದು ಮೈಗಳ ನಡುವೆ ಅವರ ಪಂಚೆಗಳ ಬಿಳಿಗಳು ಒಂದರಂತೆ ಒಂದಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಧೋತರ ಮತ್ತು ಎತ್ತುಗಳನ್ನು ಬೇರೆ ಮಾಡಿದೆ. ಕುಳಿತ ಹಿರಿಯರ ಧೋತರ ನೆಲಕ್ಕೆ ಹತ್ತಿರವಿರುವುದರಿಂದ ಓಕರ್ ಬೆರೆತ ಬಿಳಿ. ತೂರುವವನದು ಗಾಳಿಗೆ ಹಾರಿ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತಿರುವುದರಿಂದ ಅಂಚಿನಲ್ಲಿ ಕೆಂಪಿನ ಉಸಿರಿರುವ ಬಿಳಿ. ಎತ್ತುಗಳ ಪಕ್ಕೆ ನೆರಳಿನಲ್ಲಿದೆ, ಅಲ್ಲಿ ಬೂದು ಎಷ್ಟು ದಟ್ಟವೆಂದರೆ ಕಣದ ನೆಲಕ್ಕಿಂತ ಒಂದು ಮಟ್ಟ ಕೆಳಗೆ. ಬೆನ್ನಿನ ಗೆರೆಯ ಉದ್ದಕ್ಕೂ, ಇಣಿಯ ಮೇಲೂ ದಪ್ಪ ಬಿಳಿ ಓಡಿದೆ. ನೆರಳಿನಲ್ಲಿರುವ ಬಿಳಿ ಎತ್ತು ಬಿಸಿಲಿನಲ್ಲಿರುವ ಹಳದಿ ನೆಲಕ್ಕಿಂತ ದಟ್ಟವಾಗಿರುತ್ತದೆಂಬುದನ್ನು ಕಣ್ಣು ಬೇಗ ಒಪ್ಪುವುದಿಲ್ಲ, ಏಕೆಂದರೆ ಎತ್ತು ಬಿಳಿಯೆಂದು ಮನಸ್ಸಿಗೆ ಮೊದಲೇ ಗೊತ್ತಿದೆ. ಎರಡನ್ನೂ ಪಕ್ಕಪಕ್ಕಕ್ಕಿಟ್ಟು ಅಳೆಯುವುದೊಂದೇ ದಾರಿ.

ಬೇವಿನ ಮರಕ್ಕೆ ಓಕರ್ ಮತ್ತು ಕಪ್ಪು. ಬಿಸಿಲು ತಾಗುವ ಎಲೆಗೊಂಚಲುಗಳಲ್ಲಿ ಓಕರ್ ಹೆಚ್ಚು, ಒಳಗಿನ ನೆರಳಿನಲ್ಲಿ ಕಪ್ಪು ಹೆಚ್ಚು, ಎಲೆಗಳ ನಡುವಿನ ರಂಧ್ರಗಳಲ್ಲಿ ಆಕಾಶದ ಬಣ್ಣಕ್ಕಿಂತ ಸ್ವಲ್ಪ ದಟ್ಟವಾದ ಬೂದು. ಹಸಿರನ್ನು ಇನ್ನಷ್ಟು ಹಸಿರಾಗಿಸಲು ಮರಕ್ಕೇನೂ ಸೇರಿಸದೆ, ಅದರ ಬುಡದಲ್ಲಿರುವ ಕೆಮ್ಮಣ್ಣು ಸಾರಿಸಿದ ಕಟ್ಟೆಯ ಕೆಂಪನ್ನು ಸ್ವಲ್ಪ ಏರಿಸಿದೆ. ದೂರದ ಜಾಲಿಗಿಡಗಳಿಗೆ ಅದೇ ಹಸಿರಿಗೆ ಬಿಳಿ ಮತ್ತು ಕೆಂಪಿನ ತುಣುಕು ಬೆರೆಸಿದ ನೇರಳೆ-ಬೂದು ಸಾಕಾಯಿತು.

ಹೊಟ್ಟಿನ ಮೋಡವನ್ನು ಕೆಳಗಿನ ಬಣ್ಣವೆಲ್ಲ ಒಣಗಿದ ಮೇಲೆಯೇ ಬರೆಯಬೇಕು. ಓಕರ್ ಮತ್ತು ಬಿಳಿಯನ್ನು ಎಣ್ಣೆ ಸೇರಿಸದೆ ಗಟ್ಟಿಯಾಗಿ ಬೆರೆಸಿ, ಹಳೆಯ ಬಿರುಗೂದಲಿನ ಕುಂಚಕ್ಕೆ ತಾಗಿಸಿ, ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಕ್ಯಾನ್ವಾಸಿನ ನೇಯ್ಗೆಯ ಉಬ್ಬುಗಳಿಗೆ ಮಾತ್ರ ತಾಗುವಂತೆ ಎಳೆದೆ. ತಗ್ಗುಗಳಲ್ಲಿ ಆಕಾಶದ ಬೂದು ಹಾಗೆಯೇ ಉಳಿಯುವುದರಿಂದ ಹೊಟ್ಟು ಗಾಳಿಯಲ್ಲಿ ಚದುರಿದಂತೆ ಕಾಣುತ್ತದೆ. ಬುಟ್ಟಿಯ ಬಾಯಿಯ ಬಳಿ ದಟ್ಟ, ಬಲಕ್ಕೆ ಹೋದಂತೆ ವಿರಳ. ಮೋಡದ ಹಿಂದೆ ನಿಂತು ಪೊರಕೆಯಿಂದ ಕಾಳು ಒಟ್ಟುಮಾಡುತ್ತಿರುವ ಎರಡನೆಯ ಹೆಂಗಸಿನ ಮೈಗೆರೆಗಳನ್ನು ಇದೇ ಒಣಕುಂಚದಿಂದ ಅಲ್ಲಲ್ಲಿ ಮುರಿದೆ. ಆಕೆಯ ಒಂದು ತೋಳು ಪೂರ್ತಿ ಕಾಣುವುದಿಲ್ಲ, ಹಾಗಿದ್ದೂ ಆಕೆ ಗುಡಿಸುತ್ತಿದ್ದಾಳೆಂದು ತಿಳಿಯುತ್ತದೆ. ಬೀಳುವ ಕಾಳಿನ ಧಾರೆ ಹೊಟ್ಟಿಗಿಂತ ದಟ್ಟ, ಅಂಚು ಬಿಗಿ. ಅದಕ್ಕೆ ಸಣ್ಣ ಪ್ಯಾಲೆಟ್ ಚಾಕುವಿನ ಅಂಚಿನಿಂದ ಮೇಲಿನಿಂದ ಕೆಳಕ್ಕೆ ಎಳೆದ ಗೆರೆಗಳು.

ಈ ನಾಲ್ಕು ಬಣ್ಣಗಳಿಗೆ ಎಟುಕದ ಒಂದು ವಸ್ತು ಚಿತ್ರದಲ್ಲಿದೆ, ಹೆಂಗಸರ ಕೈಯ ಹಸಿರು ಗಾಜಿನ ಬಳೆ. ಆ ಗಿಳಿಹಸಿರು ಓಕರ್-ಕಪ್ಪಿನಿಂದ ಬರುವುದಿಲ್ಲ. ಅದೊಂದಕ್ಕಾಗಿ ವಿರಿಡಿಯನ್ ಎಂಬ ಹಸಿರನ್ನು ತರಬಹುದಿತ್ತು. ಆದರೆ ಎಲ್ಲ ಬಣ್ಣಗಳೂ ಒಂದರೊಳಗೊಂದು ಬೆರೆತಿರುವ ಮೈಮೇಲೆ ಹೊರಗಿನಿಂದ ಬಂದ ಒಂದು ಹನಿ ಶುದ್ಧ ಹಸಿರು ಕಣ್ಣಿಗೆ ಮುಳ್ಳಾಗುತ್ತದೆ. ಬೇವಿನ ಹಸಿರನ್ನೇ ಕೆಂಪು ಸೆರಗಿನ ಪಕ್ಕದ ಮುಂಗೈಯಲ್ಲಿ ಎರಡು ಕಮಾನುಗಳಾಗಿ ಇಟ್ಟು, ಗಾಜಿನ ಹೊಳಪಿಗೆ ಬಿಳಿಯ ಒಂದು ಚುಕ್ಕೆ ಕೊಟ್ಟೆ. ಹತ್ತಿರದಿಂದ ನೋಡಿದರೆ ಅದು ಮಾಸಲು ಹಸಿರು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಳೆ.

ಒಣಗುವಾಗ ಕಪ್ಪು ಹೆಚ್ಚಿರುವ ಜಾಗಗಳು ಮಂಕಾಗಿ ಬಿಳಿಚಿಕೊಳ್ಳುವುದು ಐವರಿ ಬ್ಲ್ಯಾಕಿನ ಸ್ವಭಾವ. ಕರಿ ಸೀರೆ ಮತ್ತು ಮರದ ನೆರಳು ಹಾಗಾದವು. ಅಂಥ ಕಡೆ ಬಣ್ಣವನ್ನು ಮತ್ತೆ ಹಚ್ಚಬಾರದು. ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಆ ಜಾಗಕ್ಕೆ ತೆಳುವಾಗಿ ಸವರಿ, ಸ್ವಲ್ಪ ಹೊತ್ತಿನ ನಂತರ ಹೆಚ್ಚಾದದ್ದನ್ನು ಪೂರ್ತಿ ಒರೆಸಿ ತೆಗೆದರೆ ಹಚ್ಚಿದ ದಿನದ ಆಳ ಮರಳುತ್ತದೆ. ಈ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಅಪಾಯ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಬೇಕು. ಕ್ಯಾಡ್ಮಿಯಂ ಇರುವ ಒಣ ಪದರವನ್ನು ಉಪ್ಪುಕಾಗದದಿಂದ ಉಜ್ಜಬಾರದು, ಅದರ ಧೂಳು ಉಸಿರಿಗೆ ಒಳ್ಳೆಯದಲ್ಲ.

ಬೆರಳಿಗೆ ಅಂಟದಿದ್ದ ಮಾತ್ರಕ್ಕೆ ತೈಲವರ್ಣ ಒಣಗಿತೆಂದಲ್ಲ. ವಾರ್ನಿಷ್ ಹಚ್ಚಲು ಕನಿಷ್ಠ ಆರು ತಿಂಗಳಾದರೂ ಕಾಯಬೇಕು. ಬೇಸಗೆಯಲ್ಲಿ ಮುಗಿದ ಚಿತ್ರಕ್ಕೆ ಆ ಅವಧಿಯ ನಡುವೆ ಧಾರವಾಡದ ಮಳೆಗಾಲ ಬರುತ್ತದೆ. ತೇವದ ದಿನಗಳಲ್ಲಿ ಹಚ್ಚಿದ ವಾರ್ನಿಷ್ ಹಾಲಿನಂತೆ ಬೆಳ್ಳಗಾಗುವುದುಂಟು. ಆದ್ದರಿಂದ ಕ್ಯಾನ್ವಾಸನ್ನು ಗೋಡೆಗೆ ಮುಖಮಾಡಿ ಇಡದೆ, ಗಾಳಿಯಾಡುವ ಬೆಳಕಿನ ಕೋಣೆಯಲ್ಲಿ ತೂಗುಹಾಕಿದ್ದೇನೆ. ಕತ್ತಲಲ್ಲಿಟ್ಟರೆ ಎಣ್ಣೆ ಹಳದಿಗಟ್ಟಿ ಆಕಾಶದ ಬೂದು ತನ್ನ ನೀಲಿಯ ಭಾಸವನ್ನು ಕಳೆದುಕೊಳ್ಳುತ್ತದೆ. ದೀಪಾವಳಿಯ ನಂತರ ಹವೆ ಒಣಗಿದ ಮೇಲೆ ವಾರ್ನಿಷ್ ಹಚ್ಚಿ ಚೌಕಟ್ಟು ಹಾಕಿಸುವುದೆಂದು ನಿಶ್ಚಯಿಸಿದ್ದೇನೆ. ಪ್ಯಾಲೆಟ್ಟಿನ ಮೇಲೆ ಉಳಿದಿದ್ದ ಬೂದುಗಳನ್ನೆಲ್ಲ ಕೆರೆದು ಒಟ್ಟುಗೂಡಿಸಿ ಮುಂದಿನ ಕ್ಯಾನ್ವಾಸಿನ ತಳಬಣ್ಣಕ್ಕೆ ಬಳಸಿದ್ದಾಯಿತು. ಅದು ಸಂತೆಯ ಚಿತ್ರ. ಅಲ್ಲಿ ನೀಲಿಯ ಪ್ಲಾಸ್ಟಿಕ್ ಹಾಳೆಯ ಚಪ್ಪರಗಳಿರುವುದರಿಂದ ಈ ನಾಲ್ಕರ ಜೊತೆಗೆ ಅಲ್ಟ್ರಾಮರೀನ್ ನೀಲಿಯ ಟ್ಯೂಬನ್ನೂ ತೆಗೆದಿಟ್ಟಿದ್ದೇನೆ.